ಸಿಗ್ನಲ್ ಮೀರಿ ಹೋಗುವ ಜೀವಕೋಶ



ಈ ವಿಜ್ಞಾನ ಪ್ರದರ್ಶನದಲ್ಲಿ ಸೂಕ್ಷ್ಮದರ್ಶಕದ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಉಳ್ಳಾಗಡ್ಡಿ ಬೇರಿನ ತುದಿಗೆ ಅಸಿಟೊಕಾರ್ಮಿನ್ ಬಣ್ಣ ಹಿಡಿಸಿ ಗಾಜಿನ ನಡುವೆ ಒತ್ತಿಟ್ಟಿದ್ದಾರೆ. ಹೆಚ್ಚಿನ ಕೋಶಗಳು ಸುಮ್ಮನಿದ್ದಂತೆ ಕಾಣುತ್ತವೆ. ಅಲ್ಲೊಂದು ಇಲ್ಲೊಂದರಲ್ಲಿ ಮಾತ್ರ ವರ್ಣತಂತುಗಳು ನಡುವೆ ಸಾಲುಗಟ್ಟಿವೆ, ಇಲ್ಲವೇ ಎರಡು ಪಾಲಾಗಿ ಸರಿದಿವೆ; ಎರಡಾಗುತ್ತಿರುವ ಕೋಶಗಳು ಇವೇ.

ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಸಿಗದೆ ಗಾಡಿ ಹೊರಡುವುದಿಲ್ಲ. ಕೋಶಕ್ಕೂ ಡಿಎನ್‌ಎ ನಕಲು ಮಾಡುವ ಮೊದಲು, ಎರಡಾಗುವ ಮೊದಲು ಇಂಥದೇ ತಪಾಸಣೆ. ದಾರಿ ಬಿಡುವುದು ಸೈಕ್ಲಿನ್ ಎಂಬ ಪ್ರೋಟೀನು ಮತ್ತು ಅದರ ಜೊತೆಗಾರ ಸಿಡಿಕೆ ಕಿಣ್ವಗಳು. ಯೀಸ್ಟಿನಲ್ಲಿ, ಕಡಲ ಮುಳ್ಳುಜೀವಿಯ ಮೊಟ್ಟೆಯಲ್ಲಿ ಇದನ್ನು ಹುಡುಕಿದ ಹಾರ್ಟ್‌ವೆಲ್, ಹಂಟ್, ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು.

ಈ ಸಿಗ್ನಲ್ ಮೀರಿ ಹೋಗುವುದೇ ಕ್ಯಾನ್ಸರ್ ಕೋಶ. ಅದು ಭಾರಿ ವೇಗದಲ್ಲಿ ಒಡೆಯುತ್ತದೆ ಎನ್ನುವುದು ಅರ್ಧ ಸತ್ಯ. ಎಷ್ಟೋ ಗೆಡ್ಡೆಗಳು ನಿಧಾನವಾಗಿಯೇ ಬೆಳೆಯುತ್ತವೆ. ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಡಿಎನ್‌ಎ ಕೆಟ್ಟಾಗ ಕೋಶವನ್ನು ತಡೆಯುವ ಅಥವಾ ಸಾಯಿಸುವ ಪಿ53 ಜೀನು ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಕೆಟ್ಟಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ ವೈರಸ್ಸೇ ಈ ಕೆಡಿಸುವ ಕೆಲಸ ಮಾಡುತ್ತದೆ: ಅದರ ಒಂದು ಪ್ರೋಟೀನು ಪಿ53ಅನ್ನು ನಾಶಮಾಡಿದರೆ, ಇನ್ನೊಂದು ಆರ್‌ಬಿ ಎಂಬ ತಡೆಯನ್ನು ಕೀಳುತ್ತದೆ.

ಇನ್ನು ಕ್ಯಾನ್ಸರ್ ಕೋಶದ ಹಟ ನೋಡಿ. ಸಿಡಿಕೆ 4 ಮತ್ತು 6ನ್ನು ಕಟ್ಟಿಹಾಕುವ ಪಾಲ್ಬೊಸಿಕ್ಲಿಬ್ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗಾಗಿ ಅನುಮತಿ ಸಿಕ್ಕಿತು. ಮೊದಮೊದಲು ಗೆಡ್ಡೆ ಹಿಡಿತಕ್ಕೆ ಬರುತ್ತದೆ. ಕೆಲವರಲ್ಲಿ ಕಾಲ ಕಳೆದಂತೆ ಕೋಶಗಳು ಆರ್‌ಬಿಯನ್ನೇ ಕಳೆದುಕೊಳ್ಳುತ್ತವೆ, ಇಲ್ಲವೇ ಸೈಕ್ಲಿನ್ ಇ ಹೆಚ್ಚಿಸಿಕೊಂಡು ಸಿಡಿಕೆ 2ರ ಮೂಲಕ ಮುಂದೆ ಸಾಗುತ್ತವೆ. ವೈದ್ಯರು ಔಷಧ ಬದಲಿಸುತ್ತಾ ಬೆನ್ನಟ್ಟಬೇಕು.

ನಮ್ಮ ಅಂಗಳದ ನಿತ್ಯಪುಷ್ಪಕ್ಕೂ ಈ ಕಥೆಯಲ್ಲಿ ಪಾಲಿದೆ. ಆ ಗಿಡದ ವಿನ್‌ಕ್ರಿಸ್ಟಿನ್, ವರ್ಣತಂತುಗಳನ್ನು ಎಳೆಯುವ ಎಳೆಗಳು ಕೂಡದಂತೆ ಮಾಡುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಬೇಕಾದ ಔಷಧ. ಹಾಗೆಂದು ಯಾರೂ ಎಲೆ ಅರೆದು ಕುಡಿಯಬಾರದು, ಅದು ವಿಷ.

ಮಕ್ಕಳೇ, ಮನೆಯಲ್ಲಿ ಗುಟ್ಕಾ ಜಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ತನಕ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಆಸ್ಪತ್ರೆಯಿದೆ. ಪ್ರದರ್ಶನ ಈಗ ಎಲ್ಲರಿಗೂ ತೆರೆದಿದೆ, ಬನ್ನಿ.