ಹೊಸೂರಿನಿಂದ ನಡೆದು ಬಂದ ಹುಡುಗ

(ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನಿಮ್ಮ ಊರಿನ ಹೆಸರಿನಲ್ಲೇ ಒಂದು ಚರಿತ್ರೆಯಿದೆ. ಆರ್.ಎಚ್. ಎಂಬುದು ಪುನರ್ವಸತಿಯನ್ನು ಸೂಚಿಸುವ ಇಂಗ್ಲಿಷ್ ಪದದ ಮೊಟಕು ರೂಪ. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ನೆಲೆ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಇಲ್ಲಿನ ಮಗು ಒಂದನೇ ತರಗತಿಗೆ ಕಾಲಿಟ್ಟ ದಿನವೇ ಒಂದು ಹೊಳೆ ದಾಟಬೇಕಾಗುತ್ತದೆ. ಅಂಥ ಮಕ್ಕಳ ಮುಂದೆ ಕರ್ನಾಟಕದ ಇನ್ನೊಂದು ತುದಿಯ ಬಡ ಹುಡುಗನೊಬ್ಬನ ವಿಷಯ ಹೇಳಬೇಕೆನಿಸಿತು.

ಅವರೇ ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ತಾಯಿ ಕೂಲಿ ಮಾಡುತ್ತಿದ್ದರು. ಊರಿನ ಓದು ಮುಗಿದ ಮೇಲೆ 1935ರಲ್ಲಿ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿಲ್ಲ. ಸುಮಾರು 80 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದೇ ಮುಗಿಸಿದ. ಸಭೆಗಳಲ್ಲಿ ಈ ನಡಿಗೆಯನ್ನು ಬಹಳ ಹೊಗಳುತ್ತಾರೆ. ನನಗೇನೋ ಅದರಲ್ಲಿ ಹೊಗಳುವಂಥದ್ದು ಕಾಣುವುದಿಲ್ಲ. ಓದಲು ಹೊರಟ ಮಗು ಅಷ್ಟು ದೂರ ನಡೆಯಬೇಕಾಗಿ ಬಂದದ್ದು ನಾಚಿಕೆಯ ಸಂಗತಿ. ಹಾಗೆ ಹೊರಟು ಅರ್ಧ ದಾರಿಯಿಂದ ಹಿಂತಿರುಗಿದವರ ಹೆಸರು ಯಾರಿಗೂ ಗೊತ್ತಿಲ್ಲ.

ನರಸಿಂಹಯ್ಯನವರು ಹಿಂತಿರುಗದಂತೆ ತಡೆದದ್ದು ಯಾವುದು? ಜಾಣತನವೊಂದೇ ಅಲ್ಲ. ಬಡ ವಿದ್ಯಾರ್ಥಿಗಳಿಗೆಂದು ಯಾರೋ ನಡೆಸುತ್ತಿದ್ದ ಉಚಿತ ವಿದ್ಯಾರ್ಥಿನಿಲಯದಲ್ಲಿ ಅವರಿಗೆ ಊಟ ಮತ್ತು ಮಲಗಲು ಜಾಗ ಸಿಕ್ಕಿತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ್ದು ಇದೇ ಹಳ್ಳಿ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದರು. ಮತ್ತೆ ಓದಿ 1946ರಲ್ಲಿ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಓಹಾಯೋದಿಂದ ಪಿಎಚ್.ಡಿ. ಪಡೆದು ಬಂದರು. ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿ ದೊಡ್ಡ ಚರ್ಚೆ ಎಬ್ಬಿಸಿದವರೂ ಇವರೇ.

ಆದರೆ ನನ್ನ ಕಣ್ಣು ನಿಲ್ಲುವುದು ಅವರ ಕೋಣೆಯ ಮೇಲೆ. ಮದುವೆಯಾಗಲಿಲ್ಲ, ಬಂಗಲೆ ಕಟ್ಟಲಿಲ್ಲ. ದಶಕಗಳ ಕಾಲ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಹುಡುಗರ ನಡುವೆಯೇ ಬಾಳಿದರು. 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಬದುಕಿನ ರೀತಿ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರಿಗೂ ಬರಪೀಡಿತ ಬಾಗೇಪಲ್ಲಿಗೂ ಬಂದದ್ದರ ಹಿಂದೆ ಅವರ ದುಡಿಮೆಯಿತ್ತು. ಅಂದರೆ ತಾವು ನಡೆದ ದಾರಿಯನ್ನು ಮುಂದಿನವರಿಗೆ ಮೊಟಕು ಮಾಡಿದರು.

ಈ ಕ್ಯಾಂಪಿನಿಂದ ಓದಿ ಹೋಗಿ ನೌಕರಿ ಹಿಡಿದವರು ಈ ಸಭೆಯಲ್ಲಿದ್ದರೆ ಅವರಿಗೆ ನನ್ನದೊಂದು ಕೇಳಿಕೆ. ಹಬ್ಬಕ್ಕೆ ಊರಿಗೆ ಬಂದಾಗ ದೇಣಿಗೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರ ಜೊತೆ ಒಂದು ಸಂಜೆ ಕುಳಿತು, ಹಾಸ್ಟೆಲ್ ಅರ್ಜಿಯನ್ನೂ ವಿದ್ಯಾರ್ಥಿವೇತನದ ಅರ್ಜಿಯನ್ನೂ ತುಂಬಿಸಿಕೊಡಿ. ಯಾವ ಕಚೇರಿಗೆ, ಯಾವ ಕಾಗದ, ಯಾವ ತಾರೀಖಿನೊಳಗೆ ಎಂಬುದು ಅವರ ತಂದೆತಾಯಿಗೆ ತಿಳಿಯದಿರಬಹುದು, ನಿಮಗೆ ಗೊತ್ತಿದೆ.