ಗಂಗೆಯ ಹೆಸರು ಹೊತ್ತ ಇಬ್ಬರು ಹೆಂಗಸರು

(ಊರಿನ ವಾಚನಾಲಯದಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾವ್ಯದಲ್ಲಿ, ಕಥೆಯಲ್ಲಿ ನೀರು ಯಾವುದರ ಸಂಕೇತ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನೀವು ಕೇಳಿದ್ದೀರಿ. ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲೆಳೆದು ಬಂದವರಿಗೆ ಈ ವಿಷಯ ಯಾತಕ್ಕೆ ಎಂದು ಕೆಲವರಿಗೆ ತೋರಬಹುದು. ನಮ್ಮ ಪಕ್ಷದೊಳಗೇ ಕೆಲವರು, ಕೂಲಿ, ಬೋನಸ್ಸು, ಬೆಲೆ ಏರಿಕೆಗಳ ಮಾತು ಬಿಟ್ಟು ಕವಿತೆಯ ಮಾತೇಕೆ, ಅದು ಹೊಟ್ಟೆ ತುಂಬಿದವರ ಕೆಲಸ ಎನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಈ ನಾಡಿನ ಒಳ್ಳೆಯ ಹಾಡುಗಳಲ್ಲಿ ಎಷ್ಟೋ ಹಾಡುಗಳು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ಬಂದವು. ಅವರೆಲ್ಲರ ಹೊಟ್ಟೆ ತುಂಬಿತ್ತೆಂದು ಯಾರಾದರೂ ಹೇಳಿಯಾರೆ?

ಮೊದಲು ಸಂಕೇತವೆಂದರೇನು ಎಂಬುದನ್ನು ನೋಡೋಣ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ ಮುಂದುಗಡೆ ನಾಲ್ಕು ಹನಿ ನೀರು ಚಿಮುಕಿಸುತ್ತೀರಲ್ಲ, ಅದು ಧೂಳು ಅಡಗಲೆಂದು ಮಾತ್ರವೆ? ಈ ದಿನ ಚೆನ್ನಾಗಿ ನಡೆಯಲಿ ಎಂಬ ಆಸೆಯೂ ಅದರಲ್ಲಿದೆ. ನೀರು ನೀರಾಗಿಯೂ ಇದೆ, ನೀರಿಗಿಂತ ಹೆಚ್ಚಿನದಾಗಿಯೂ ಇದೆ. ಸಂಕೇತವೆಂದರೆ ಇಷ್ಟೆ. ಇದನ್ನೇ ಕವಿಗಳು ದೊಡ್ಡದಾಗಿ ಮಾಡುತ್ತಾರೆ. ನೀರಿನ ಮೇಲಣ ಗುಳ್ಳೆಯನ್ನು ಕಂಡು ದೇಹದ ಅಲ್ಪಾಯುಷ್ಯವನ್ನು ಹೇಳುತ್ತಾರೆ; ಹರಿಯುವ ಹೊಳೆಯಲ್ಲಿ ಕಾಲವನ್ನು ಕಾಣುತ್ತಾರೆ; ನದಿಯನ್ನು ತಾಯಿ ಎನ್ನುತ್ತಾರೆ. ಇವಾವುದೂ ಸುಳ್ಳಲ್ಲ.

ಆದರೆ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ನೀರನ್ನು ಸೇದಿದವರು ಯಾರು? ಕುಡಿದವರು ಯಾರು? ಮುಳುಗಿದವರು ಯಾರು? ಈ ಪ್ರಶ್ನೆಯನ್ನು ಹೊರಗಿನಿಂದ ತಂದು ಸಾಹಿತ್ಯದ ಮೇಲೆ ಹೇರಬೇಕಾಗಿಲ್ಲ. ಒಳ್ಳೆಯ ಹಾಡು, ಒಳ್ಳೆಯ ಕಥೆ ತಾನಾಗಿಯೇ ಅದನ್ನು ಕೇಳುತ್ತದೆ. ಇದಕ್ಕೆ ಇಬ್ಬರು ಹೆಂಗಸರನ್ನು ಸಾಕ್ಷಿಯಾಗಿ ಕರೆಯುತ್ತೇವೆ.

ಮೊದಲನೆಯವಳು ನಿಮಗೆಲ್ಲ ಗೊತ್ತಿರುವವಳೇ, ‘ಕೆರೆಗೆ ಹಾರ’ದ ಭಾಗೀರಥಿ. ಕಲ್ಲನಕೇರಿಯ ಮಲ್ಲನಗೌಡ ಊರಿಗೊಂದು ಕೆರೆ ಕಟ್ಟಿಸಿದ. ಕೆರೆಯಲ್ಲಿ ಒಂದು ಹನಿ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ, ಬಲಿ ಕೊಡಬೇಕೆಂದು ಬಂತು. ಯಾರನ್ನು? ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರಿಲ್ಲ. ಆದುದರಿಂದ ಕಿರಿಯ ಸೊಸೆ ಭಾಗೀರಥಿ. ಅವಳ ಗಂಡ ದಂಡಿನಲ್ಲಿ ದೂರದಲ್ಲಿದ್ದಾನೆ, ಅವನನ್ನು ಕೇಳುವವರಿಲ್ಲ. ಅವಳನ್ನಂತೂ ಯಾರೂ ಕೇಳಲಿಲ್ಲ.

ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿದೆಯೇಕೆ ಎಂದು ತಂದೆ ಕೇಳಿದರೆ, ಬೇರೆ ಇಡುತ್ತಾರಂತೆ ಎಂದು ಮಾತು ತೇಲಿಸುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿಯಾದರೂ ಏನು ಹೇಳಿಯಾಳು? ಮನೆಯವರು ಹೇಗಿಡುತ್ತಾರೋ ಹಾಗಿರಬೇಕು ಎಂಬ ಬುದ್ಧಿವಾದ. ಭಾಗೀರಥಿ ಹಿಂದಿರುಗಿ ಬರುತ್ತಾಳೆ. ಮನೆಯ ಕೆಲಸವೆಲ್ಲ ನಡೆಯುತ್ತದೆ, ಅಡಿಗೆಯಾಗುತ್ತದೆ. ಮನೆಮಂದಿಯೆಲ್ಲ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ, ಉಂಡು, ಹಿಂದಿರುಗುತ್ತಾರೆ. ಚಿನ್ನದ ಪಾತ್ರೆಯನ್ನು ಅಲ್ಲೇ ಮರೆತೆವೆಂದು ಮಾತು ಬರುತ್ತದೆ. ತರಲು ಹೋಗುವವಳು ಕಿರಿಯ ಸೊಸೆ. ಅವಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದಂತೆ ನೀರೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆರೆ ತುಂಬಿತು. ಸುದ್ದಿ ತಿಳಿದ ಗಂಡ ಮಾದೇವರಾಯ ಬಂದು ಅದೇ ಕೆರೆಗೆ ಹಾರಿದ.

ಈ ಹಾಡನ್ನು ತ್ಯಾಗದ ಹಾಡೆಂದು ಶಾಲೆಗಳಲ್ಲಿ ಹೇಳಿಕೊಡುವುದುಂಟು. ಆದರೆ ತ್ಯಾಗವೆಂದರೆ ತಾನಾಗಿ ಕೊಡುವುದು. ಇಲ್ಲಿ ಕೊಟ್ಟವರು ಬೇರೆ, ಹೋದವಳು ಬೇರೆ. ಮಲ್ಲನಗೌಡ ದುಷ್ಟನೇನೂ ಅಲ್ಲ. ಊರಿಗೆ ನೀರು ಬೇಕೆಂದು ಕೆರೆ ಕಟ್ಟಿಸಿದವನು. ಆದರೂ ಬಲಿ ಬೇಕೆಂಬ ಮಾತು ಬಂದೊಡನೆ ಲೆಕ್ಕ ಹೇಗೆ ನಡೆಯಿತು ನೋಡಿ: ಯಾರು ಹೋದರೆ ಮನೆಗೆ ನಷ್ಟ ಕಡಮೆಯೋ ಅವರು ಹೋಗಲಿ. ಗಿರಣಿಯ ಗೆಳೆಯರಿಗೆ ಈ ಲೆಕ್ಕ ಹೊಸದಲ್ಲ. ನಷ್ಟ ಬಂತೆಂಬ ಮಾತು ಎದ್ದಾಗ ಮೊದಲು ಮನೆಗೆ ಹೋಗುವವನು ಬದಲಿ ಕೆಲಸಗಾರ. ಡೈರೆಕ್ಟರು ಹೋದದ್ದನ್ನು ಕಂಡಿದ್ದೀರಾ?

ಆ ಹುಡುಗಿಯ ಹೆಸರನ್ನು ಗಮನಿಸಿ. ಪುರಾಣದಲ್ಲಿ ಸಗರನ 60 ಸಾವಿರ ಮಕ್ಕಳು ಬೂದಿಯಾಗಿ ಬಿದ್ದಿದ್ದರು. ಅವರ ಸದ್ಗತಿಗಾಗಿ ಭಗೀರಥ ತಪಸ್ಸು ಮಾಡಿ ಗಂಗೆಯನ್ನು ನೆಲಕ್ಕಿಳಿಸಿದ. ಅದಕ್ಕೇ ಗಂಗೆಗೆ ಭಾಗೀರಥಿ ಎಂದು ಹೆಸರು. ನಮ್ಮ ಬೇಂದ್ರೆಯವರು ತಮ್ಮ ಒಂದು ಕವನಸಂಕಲನಕ್ಕೆ ‘ಗಂಗಾವತರಣ’ವೆಂದೇ ಹೆಸರಿಟ್ಟರು, 1951ರಲ್ಲಿ ಅದು ಬಂತು. ಪುರಾಣದಲ್ಲಿ ರಾಜನ ತಪಸ್ಸಿಗೆ ಮೇಲಿನಿಂದ ನೀರಿಳಿಯಿತು. ಹಳ್ಳಿಯ ಹೆಂಗಸರು ಕಟ್ಟಿದ ಹಾಡಿನಲ್ಲಿ ಒಬ್ಬ ಸೊಸೆಯ ಜೀವಕ್ಕೆ ಕೆಳಗಿನಿಂದ ನೀರುಕ್ಕಿತು. ಅದೇ ಹೆಸರನ್ನು ಅವಳಿಗಿಟ್ಟು ಹಾಡಿದವರು, ನೀರೆಂಬುದು ಬರಿಯ ವರವಲ್ಲ, ಅದಕ್ಕೆ ಯಾರೋ ಬೆಲೆ ತೆತ್ತಿದ್ದಾರೆ ಎಂಬುದನ್ನು ನಮಗೆ ನೆನಪಿಗೆ ತಂದಂತಾಯಿತು.

ಇನ್ನು ಎರಡನೆಯವಳು. ಅವಳು ಕನ್ನಡದವಳಲ್ಲ, ಉತ್ತರದವಳು. ಗಂಗೆ ಹರಿಯುವ ಸೀಮೆಯ ಕಥೆಗಾರ ಪ್ರೇಮಚಂದರು 1932ರಲ್ಲಿ ಬರೆದ ‘ಠಾಕೂರನ ಬಾವಿ’ ಎಂಬ ಸಣ್ಣ ಕಥೆಯವಳು. ಹೆಸರು ಗಂಗಿ. ಅವಳ ಗಂಡ ಜೋಖೂಗೆ ಕಾಯಿಲೆ, ಬಾಯಾರಿಕೆ. ತಂದಿಟ್ಟ ನೀರಿನಲ್ಲಿ ಕೆಟ್ಟ ನಾತ. ಬಾವಿಯಲ್ಲಿ ಯಾವುದೋ ಪ್ರಾಣಿ ಬಿದ್ದು ಸತ್ತಿರಬೇಕು. ಊರಿನಲ್ಲಿ ಒಳ್ಳೆಯ ನೀರಿನ ಬಾವಿಗಳಿವೆ. ಒಂದು ಠಾಕೂರನದು, ಇನ್ನೊಂದು ಸಾಹುಕಾರನದು. ಅಸ್ಪೃಶ್ಯಳಾದ ಗಂಗಿ ಅಲ್ಲಿಗೆ ಕಾಲಿಡುವಂತಿಲ್ಲ.

ರಾತ್ರಿ ಅವಳು ಠಾಕೂರನ ಬಾವಿಗೆ ಹೋಗಿ ಮರೆಯಲ್ಲಿ ಕಾಯುತ್ತಾಳೆ. ಆಗ ಮೇಲುಜಾತಿಯ ಇಬ್ಬರು ಹೆಂಗಸರು ನೀರಿಗೆ ಬರುತ್ತಾರೆ. ಗಂಡಸರು ಕೂತಲ್ಲಿಂದ ನೀರು ತಾ ಎಂದು ಹುಕುಮು ಮಾಡುತ್ತಾರೆ, ನಾವೇನು ಅವರ ತೊತ್ತುಗಳೆ ಎಂದು ಗೊಣಗಿಕೊಳ್ಳುತ್ತಾರೆ. ಬಾವಿಯ ಕಟ್ಟೆಯ ಮೇಲೂ ನೀರು ಹೊರುವ ಬೇಸರವಿದೆ, ಕಟ್ಟೆಯ ಕೆಳಗೂ ನೀರಿಲ್ಲದ ಸಂಕಟವಿದೆ. ಆದರೆ ಕತ್ತಲಲ್ಲಿ ನಿಂತವಳು ಅವರ ಕಣ್ಣಿಗೆ ಬೀಳುವುದಿಲ್ಲ. ಅವರು ಹೋದ ಮೇಲೆ ಗಂಗಿ ಕೊಡವಿಳಿಸಿ, ಸದ್ದಿಲ್ಲದೆ ಎಳೆದು, ಇನ್ನೇನು ಕೈಗೆ ಹಿಡಿಯಬೇಕು, ಅಷ್ಟರಲ್ಲಿ ಠಾಕೂರನ ಬಾಗಿಲು ತೆರೆಯಿತು. ಹಗ್ಗ ಜಾರಿತು. ಕೊಡ ಬಾವಿಗೆ ಬಿದ್ದ ಸದ್ದಿಗೆ ಅವಳು ಓಡಿದಳು. ಮನೆಗೆ ಬಂದು ನೋಡಿದರೆ ಗಂಡ ಅದೇ ನಾರುವ ನೀರನ್ನು ಬಾಯಿಗೆ ಹಚ್ಚಿದ್ದಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಹೆಸರು ಗಂಗಿ, ಮನೆಯಲ್ಲಿ ಕುಡಿಯಲು ನೀರಿಲ್ಲ! ಪ್ರೇಮಚಂದರು ಇದರ ಮೇಲೆ ವ್ಯಾಖ್ಯಾನ ಮಾಡುವುದಿಲ್ಲ, ಹೆಸರಿಟ್ಟು ಸುಮ್ಮನಾಗುತ್ತಾರೆ. ಹರಿಯುವ ನೀರು ಕುಡಿಯುವುದಕ್ಕೆ ದೊಣ್ಣೆನಾಯಕನ ಅಪ್ಪಣೆ ಬೇಕೆ ಎಂದು ನಮ್ಮಲ್ಲಿ ಗಾದೆಯಿದೆ. ಬೇಕಾಗಿತ್ತು, ಮಿತ್ರರೆ! ಆ ಗಾದೆ ಎಲ್ಲರಿಗೂ ನಿಜವಾಗಿರಲಿಲ್ಲ.

ಇದು ಕಥೆಗಾರನ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಈ ಕಥೆ ಬರುವುದಕ್ಕೆ 5 ವರ್ಷ ಮೊದಲು, 1927ರ ಮಾರ್ಚಿ 20ರಂದು, ಮಹಾಡದ ಚವದಾರ ಕೆರೆಗೆ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅದು ಸಾರ್ವಜನಿಕ ಕೆರೆ; ಪುರಸಭೆಯೇ 1924ರಲ್ಲಿ ಎಲ್ಲರಿಗೂ ಅದು ಮುಕ್ತವೆಂದು ನಿರ್ಣಯ ಮಾಡಿತ್ತು. ಆದರೂ ಕುಡಿದವರ ಮೇಲೆ ಕೈಮಾಡಿದರು. ಆಮೇಲೆ 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ನೀರು ಶುದ್ಧಿಯ ಸಂಕೇತವೆಂದು ಹೇಳುವ ಪಂಡಿತರು ಈ 108 ಕೊಡಗಳನ್ನು ಮರೆಯಬಾರದು. ಸಂಕೇತವು ಕವಿಯ ಕೈಯಲ್ಲಿ ಹೂವಾದರೆ, ಉಳ್ಳವರ ಕೈಯಲ್ಲಿ ದೊಣ್ಣೆಯೂ ಆಗುತ್ತದೆ. ಮೊಕದ್ದಮೆ ಹೈಕೋರ್ಟಿನವರೆಗೆ ಹೋಗಿ, ದಲಿತರ ಪರವಾಗಿ ಇತ್ಯರ್ಥವಾದದ್ದು 1937ರಲ್ಲಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರೆತ್ತಿಯೇ ಬರೆದಿದ್ದಾರೆ. ದೇಶದ ಮೂಲ ಕಾನೂನಿನಲ್ಲಿ ಬಾವಿಯ ಮಾತು ಬರಬೇಕಾದರೆ, ಎಷ್ಟು ಗಂಗಿಯರು ಬರಿಗೊಡದೊಂದಿಗೆ ಹಿಂದಿರುಗಿದ್ದರೆಂದು ಊಹಿಸಿಕೊಳ್ಳಿ.

ಇನ್ನು ನಮ್ಮ ನಾಡಿಗೇ ಬರೋಣ. ಜೋಗದ ಜಲಪಾತ ನಮಗೆಲ್ಲ ಹೆಮ್ಮೆ. ನಿಸಾರ್ ಅಹಮದರು ‘ನಿತ್ಯೋತ್ಸವ’ದಲ್ಲಿ ಆ ಜೋಗವನ್ನೇ ಕನ್ನಡತಾಯಿಯ ವೈಭವವಾಗಿ ಕಂಡರು; ಆ ಹಾಡು ಬಾರದ ಕನ್ನಡಿಗರು ಕಡಮೆ. ಅದೇ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿಯ ವಿದ್ಯುತ್ತಿನಿಂದ ನಾಡಿನ ಮನೆಗಳಲ್ಲಿ ದೀಪ ಹತ್ತಿತು, ಗಿರಣಿಗಳ ಚಕ್ರ ತಿರುಗಿತು. ಒಳ್ಳೆಯದೇ ಆಯಿತು. ಆದರೆ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಆ ಜನರ ಕಥೆ ಬರೆದವರು ಸಾಗರದ ನಾ. ಡಿಸೋಜ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯಲ್ಲೇ ಕೆಲಸ ಮಾಡಿದವರು. ಅವರ ‘ದ್ವೀಪ’ ಕಾದಂಬರಿಯಲ್ಲಿ ಮಳೆಗಾಲದ ನೀರು ಸುತ್ತಲೂ ಏರುತ್ತಿರುವಾಗ ಗಣಪಯ್ಯ, ಅವನ ಹೆಂಡತಿ ನಾಗವೇಣಿ ನೆಲ ಬಿಡಲಾರದೆ ಉಳಿಯುತ್ತಾರೆ. 2002ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಿತ್ರ ಮಾಡಿದರು. ಚಿತ್ರದ ಕೊನೆಯಲ್ಲಿ ನೀರಿಳಿದು ಜೀವ ಉಳಿದಾಗ, ರಾತ್ರಿ ಹಗಲು ಹೆಣಗಿ ಉಳಿಸಿದವಳು ನಾಗವೇಣಿಯಾದರೂ, ಗಂಡ ಕೈಮುಗಿಯುವುದು ದೇವರಿಗೆ. ಭಾಗೀರಥಿಯ ಮನೆಯ ಲೆಕ್ಕವೇ ಇಲ್ಲಿಯೂ.

ಹೀಗೆಲ್ಲ ಓದಿದರೆ ಕವಿತೆಯ ಸೊಗಸು ಕೆಡುವುದಿಲ್ಲವೆ ಎಂದು ಕೆಲವು ಮೇಷ್ಟ್ರುಗಳು ಕೇಳುತ್ತಾರೆ. ನಾವೂ ಶಾಲೆಯಲ್ಲಿ ಪದ್ಯ ಹೇಳಿಕೊಟ್ಟವರೇ. ಸೊಗಸು ಕೆಡುವುದಿಲ್ಲ, ಹೆಚ್ಚುತ್ತದೆ. ಬರಗಾಲ ಕಂಡವನಿಗೆ ಮಳೆಯ ಪದ್ಯ ತಿಳಿದಷ್ಟು, ಕಾಣದವನಿಗೆ ತಿಳಿಯದು. ರಾತ್ರಿ ಎರಡು ಗಂಟೆಗೆ ನಲ್ಲಿಯಲ್ಲಿ ನೀರು ಬಂದೀತೆಂದು ಎದ್ದು ಕೂರುವ ಹೆಂಗಸಿಗೆ ಭಾಗೀರಥಿಯ ಹಾಡು ಅರ್ಥವಾದಷ್ಟು ಪಂಡಿತನಿಗೆ ಅರ್ಥವಾಗಿದೆಯೆಂದು ನಾವು ನಂಬುವುದಿಲ್ಲ. ಜೋಗದ ಹಾಡನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಎದೆ ತುಂಬಿ ಹಾಡಿ. ಹಾಡುವಾಗ ಮುಳುಗಿದ ಊರಿನವರಿಗೂ ಆ ಹಾಡಿನಲ್ಲಿ ಜಾಗ ಕೊಡಿ.

12ನೆಯ ಶತಮಾನದಲ್ಲೇ ಬಸವಣ್ಣನವರು ಕೇರಿಗೂ ಗುಡಿಗೂ ನೆಲ ಒಂದೇ, ನೀರು ಒಂದೇ ಎಂಬ ಭಾವದ ವಚನ ಹೇಳಿದ್ದರು. ಸಂಕೇತವಾಗಿ ಆ ಮಾತನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ; ಸಭೆಗಳಲ್ಲಿ ಎಲ್ಲರೂ ತಲೆದೂಗುತ್ತಾರೆ. ಬಾವಿಕಟ್ಟೆಯಲ್ಲಿ, ನಲ್ಲಿಯ ಸಾಲಿನಲ್ಲಿ, ಹೋಟೆಲಿನ ಲೋಟದಲ್ಲಿ ಅದನ್ನು ನಿಜ ಮಾಡುವ ಕೆಲಸವಿನ್ನೂ ಉಳಿದಿದೆ. ಆ ಕೆಲಸ ಕವಿಗಳೊಬ್ಬರದೇ ಅಲ್ಲ, ನಿಮ್ಮದು, ನಮ್ಮದು.

ಕೊನೆಗೊಂದು ಬಿನ್ನಹ. ನಿಮ್ಮ ಮನೆಗಳಲ್ಲಿ ತಾಯಂದಿರು, ಅಜ್ಜಿಯರು ನೀರಿನ ಮೇಲೆ, ಕೆರೆಯ ಮೇಲೆ, ಮಳೆಯ ಮೇಲೆ ಹೇಳುವ ಹಾಡುಗಳಿದ್ದರೆ ಬರೆದುಕೊಂಡು ವಾಚನಾಲಯಕ್ಕೆ ತನ್ನಿ. ಮುಂದಿನ ಸಭೆಯಲ್ಲಿ ನಾವು ಭಾಷಣ ಮಾಡುವುದು ಬೇಡ, ಅವನ್ನು ಹಾಡಿಸೋಣ. ಹಾಡಿದ ಮೇಲೆ ಕುಳಿತು, ಈ ಹಾಡಿನಲ್ಲಿ ಕೊಡ ಹೊತ್ತವರು ಯಾರು, ಕುಡಿದವರು ಯಾರು ಎಂದು ಮಾತಾಡೋಣ.