ಬಂಡೆಯ ಬರಹ, ಮಕ್ಕಳ ನಾಲಗೆ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ನುಡಿಗಳು ಜೊತೆಯಾಗಿ ಬಾಳುತ್ತಿರುವ ನೆಲ ನಮ್ಮದು. ಭಿನ್ನ ನುಡಿಯ ಜನರನ್ನು ಒಂದು ಪ್ರಭುತ್ವವು ಹೇಗೆ ಆಳಬೇಕು ಎಂಬುದು ನಮಗೆ ಕೇವಲ ಪುಸ್ತಕದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಎರಡೂವರೆ ಸಾವಿರ ವರ್ಷಗಳ ಇತಿಹಾಸವಿದೆ.

ಪಾರಸಿಕ ದೊರೆ ಸೈರಸನು ಮೀಡಿಯ, ಲಿಡಿಯ ರಾಜ್ಯಗಳನ್ನು ಗೆದ್ದು, ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ವಶಪಡಿಸಿಕೊಂಡನು. ಅಲ್ಲಿ ಅವನ ಹೆಸರಿನಲ್ಲಿ ಜೇಡಿಮಣ್ಣಿನ ಉರುಳೆಯ ಮೇಲೆ ಬರೆಸಿದ ಶಾಸನವು ಗೆದ್ದವರ ಭಾಷೆಯಲ್ಲಿಲ್ಲ, ಸೋತವರ ಭಾಷೆಯಲ್ಲಿದೆ. ಆ ನಗರದ ದೇವರಾದ ಮಾರ್ದೂಕನೇ ತನ್ನನ್ನು ಅರಸನಾಗಿ ಆರಿಸಿದನೆಂದು ಅದು ಸಾರುತ್ತದೆ. ಸೆರೆಯಲ್ಲಿದ್ದ ಯೆಹೂದ್ಯರಿಗೆ ಜೆರೂಸಲೇಮಿಗೆ ಮರಳಿ ದೇವಾಲಯ ಕಟ್ಟಲು ಅವನು ಅನುಮತಿಯಿತ್ತನೆಂದು ಬೈಬಲ್ ಹೇಳುತ್ತದೆ. ಇದರಲ್ಲಿ ಔದಾರ್ಯವೆಷ್ಟೋ ರಾಜನೀತಿಯೂ ಅಷ್ಟೇ ಇತ್ತು.

ಅನಂತರ ಬಂದ ದಾರಿಯಸನು ದಂಗೆಗಳನ್ನು ಅಡಗಿಸಲು 19 ಯುದ್ಧಗಳನ್ನು ಮಾಡಿ 9 ಮಂದಿ ಅರಸರನ್ನು ಸೆರೆಹಿಡಿದೆನೆಂದು ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದನು. ಬಂಧಿತರ ಸಾಲನ್ನೂ ಅಲ್ಲಿ ಚಿತ್ರಿಸಲಾಗಿದೆ. ಆ ವಿಜಯವಾರ್ತೆಯೂ ಪಾರಸಿಕ, ಎಲಮೈಟ್, ಬ್ಯಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿದೆ. ಕತ್ತಿಯಿಂದ ಗೆದ್ದವನಿಗೂ ಆಳುವಾಗ ಪ್ರಜೆಗಳ ನುಡಿ ಬೇಕಾಯಿತು.

ನಮ್ಮ ನೆಲವೂ ಗೆಲುವು ಸೋಲುಗಳನ್ನು ಕಂಡಿದೆ. 17ನೆಯ ಶತಮಾನದ ನಡುವಿನಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕನ ಅಧಿಕಾರವು ಘಟ್ಟವನ್ನಿಳಿದು ಈ ಕರಾವಳಿಗೆ ಬಂದಿತು. ಬೇಕಲದ ಕೋಟೆಯನ್ನು ಕಟ್ಟಿಸಿದ ಕೀರ್ತಿ ಅವನದು. ಭೂಕಂದಾಯವನ್ನು ಕ್ರಮಕ್ಕೆ ತಂದ ಅವನ 'ಶಿಸ್ತು' ಪ್ರಸಿದ್ಧವಾಗಿದೆ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನದೊಡನೆ ಈ ಸೀಮೆ ಇಂಗ್ಲಿಷರದಾಯಿತು. ಕೋಟೆ ಅದೇ ಉಳಿಯಿತು, ಒಡೆಯರು ಬದಲಾದರು.

ನಮ್ಮ ಶಾಲೆಯದೂ ಅದೇ ಕಥೆ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಈ ಶಾಲೆ, ಇದ್ದ ಜಾಗದಿಂದ ಒಂದು ಅಂಗುಲವೂ ಕದಲದೆ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಜಿಲ್ಲೆಯದಾಯಿತು. ಆದರೆ ನಾವೀಗ ಯಾವ ದೊರೆಯ ಪ್ರಜೆಗಳೂ ಅಲ್ಲ, ಗಣರಾಜ್ಯದ ಪೌರರು. ದೊರೆ ಕೊಟ್ಟದ್ದು ಕೃಪೆ, ಸಂವಿಧಾನ ಕೊಟ್ಟದ್ದು ಹಕ್ಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿಯೇ ಬರೆಯಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕು.

ಇಷ್ಟಿದ್ದರೆ ಸಾಕೆ? ಬೆಹಿಸ್ತೂನಿನತ್ತ ಮತ್ತೊಮ್ಮೆ ನೋಡೋಣ. ಸಾಮ್ರಾಜ್ಯವಳಿದ ಮೇಲೆ ಆ ಲಿಪಿಗಳನ್ನು ಕಲಿಸುವವರು ಇಲ್ಲವಾದರು. ಬರಹ ಬಂಡೆಯ ಮೇಲೆಯೇ ಇತ್ತು, ಓದುವವರಿರಲಿಲ್ಲ. 19ನೆಯ ಶತಮಾನದಲ್ಲಿ ರಾಲಿನ್‌ಸನ್ ಮೊದಲಾದ ವಿದ್ವಾಂಸರು ಬಹಳ ಶ್ರಮಪಟ್ಟು ಅದನ್ನು ಬಿಡಿಸಿ ಓದಬೇಕಾಯಿತು. ಕಾಯ್ದೆಪುಸ್ತಕದಲ್ಲಿರುವ ಕನ್ನಡದ ಹಕ್ಕಿಗೂ ಇದೇ ಗತಿ ಬರಬಹುದು. ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ಮಕ್ಕಳೇ ಇಲ್ಲವಾದರೆ, ಕನ್ನಡದಲ್ಲಿ ಉತ್ತರಿಸಬೇಕೆಂಬ ನಿಯಮಕ್ಕೆ ಅರ್ಥವೇನು? ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಾವು ಕೇಳುವುದು ನ್ಯಾಯ. ಆ ತರಗತಿಗೆ ನಮ್ಮ ಮಕ್ಕಳನ್ನು ಕಳುಹಿಸದೆ ಹಾಗೆ ಕೇಳುವುದು ಬರಿಯ ಮಾತು.

ಇದು ಇನ್ನೊಂದು ಭಾಷೆಯ ಮೇಲಿನ ಮುನಿಸಲ್ಲ. ಮನೆಮಾತು ಕೊಂಕಣಿಯಾಗಿದ್ದ ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆಗಳನ್ನು ಬಲ್ಲವರಾಗಿದ್ದು ಕನ್ನಡದ ರಾಷ್ಟ್ರಕವಿಗಳಾದರು. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬರೆದರು. ಬಹುಕಾಲ ಅಧ್ಯಾಪಕರಾಗಿ ಮಕ್ಕಳಿಗೆ ಪಾಠ ಹೇಳಿದರು. ನಮ್ಮ ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಕನ್ನಡದ ಬುನಾದಿಯ ಮೇಲೆ ಕಲಿಯಲಿ.

ಪೋಷಕರಲ್ಲಿ ನಮ್ಮ ವಿನಂತಿ ಎರಡೇ: ಮಕ್ಕಳನ್ನು ಕನ್ನಡ ತರಗತಿಗೆ ಸೇರಿಸಿರಿ, ಕಚೇರಿಗೆ ಮುಂದಿನ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ಹಳೆ ವಿದ್ಯಾರ್ಥಿಗಳು ಶಾಲೆಯ ವಾಚನಾಲಯಕ್ಕೆ ವರ್ಷಕ್ಕೊಂದು ಪುಸ್ತಕವನ್ನಾದರೂ ಕೊಡಲಿ. ನೂರು ವರ್ಷ ಈ ನುಡಿಯನ್ನು ಕಾಪಾಡಿದವರು ದೊರೆಗಳಲ್ಲ, ಇಲ್ಲಿನ ಗುರುಗಳು.